ಬಂಡೆಯ ಬಿರುಕಿನ ನೀರು ಮತ್ತು ತಜ್ಞರ ಸಾಕ್ಷ್ಯ

ಪ್ರಶ್ನೆ: ಇಷ್ಟು ಮಳೆ ಬಿದ್ದರೂ ನವಿ ಮುಂಬಯಿಯ ಕೋಪರಖೈರಣೆ ಬಡಾವಣೆಯು ಅಂತರ್ಜಲವನ್ನು ನೆಚ್ಚಿಕೊಳ್ಳಲಾಗದೇಕೆ? ಅಂತರ್ಜಲದ ಕುಸಿತವನ್ನು ತಜ್ಞರು ಹೇಗೆ ಸ್ಥಾಪಿಸುತ್ತಾರೆ?

ಉತ್ತರ: ನವಿ ಮುಂಬಯಿಯ ನೆಲದಡಿ ಇರುವುದು ಲಾವಾ ಪದರಪದರವಾಗಿ ಹೆಪ್ಪುಗಟ್ಟಿ ಉಂಟಾದ ದಖ್ಖನ್ ಬಸಾಲ್ಟ್ ಶಿಲೆಯಾಗಿದ್ದು, ನೀರು ಅದರ ಶಿಥಿಲಗೊಂಡ ಮೇಲ್ಪದರದಲ್ಲಿಯೂ ಬಿರುಕುಗಳಲ್ಲಿಯೂ ಮಾತ್ರ ನಿಲ್ಲುವುದರಿಂದ, ಮಳೆನೀರಿನ ಬಹುಪಾಲು ಠಾಣೆ ಖಾಡಿಗೆ, ಎಂದರೆ ಭೂಮಿಯೊಳಕ್ಕೆ ಚಾಚಿದ ಸಮುದ್ರದ ತೋಳಿಗೆ, ಹರಿದುಹೋಗುತ್ತದೆ. ಖಾಡಿಯ ಅಂಚಿನಲ್ಲಿ ಕೊಳವೆಬಾವಿಗಳಿಂದ ಅತಿಯಾಗಿ ನೀರೆತ್ತಿದರೆ ಉಪ್ಪುನೀರು ಒಳನುಗ್ಗುವ ಅಪಾಯವೂ ಇರುವುದರಿಂದ, ನಗರವು ಮುಖ್ಯವಾಗಿ ಖಾಲಾಪುರದ ಬಳಿಯ ಮೋರ್ಬೆ ಅಣೆಕಟ್ಟನ್ನು ಅವಲಂಬಿಸಿದೆ.

ತಜ್ಞರು ವೀಕ್ಷಣಾ ಬಾವಿಗಳ ಮಟ್ಟವನ್ನು ಮುಂಗಾರಿನ ಮುಂಚೆ ಮತ್ತು ಅನಂತರ ಅಳೆದು, ವರ್ಷದಲ್ಲಿ ಇಂಗುವ ನೀರನ್ನು, ಅಂದರೆ ಮರುಪೂರಣವನ್ನು, ಎತ್ತುವ ನೀರಿನೊಂದಿಗೆ ಹೋಲಿಸುತ್ತಾರೆ. ಬಳಸಲು ದೊರೆಯುವ ಪ್ರಮಾಣದ ಶೇ. 100ನ್ನು ಬಳಕೆ ಮೀರಿದರೆ ಆ ಪ್ರದೇಶವನ್ನು, ಕೋಲಾರ ಜಿಲ್ಲೆಯಲ್ಲಿ ಆಗಿರುವಂತೆ, 'ಅತಿಬಳಕೆಯ ಪ್ರದೇಶ' ಎಂದು ವರ್ಗೀಕರಿಸಲಾಗುತ್ತದೆ. ತಜ್ಞರ ಇಂತಹ ವೈಜ್ಞಾನಿಕ ವರದಿಗೆ ನ್ಯಾಯಾಲಯದಲ್ಲಿರುವ ತೂಕಕ್ಕೆ ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರ ಅಂತರ್ಜಲ ಪ್ರಕರಣ ನಿದರ್ಶನವಾಗಿದ್ದು, ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ ವರದಿಯನ್ನು ಪರಿಗಣಿಸಿದ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ ನೀಡಿದ ನಿರ್ದೇಶನದಿಂದಲೇ 1997ರಲ್ಲಿ ಕೇಂದ್ರೀಯ ಅಂತರ್ಜಲ ಪ್ರಾಧಿಕಾರವು ರಚನೆಯಾಯಿತು.