ಜಗಲಿಯ ಕೊಂಬಿಗೆ ಗುಡಿಗಾರರ ಮರ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಘಟ್ಟದ ಬುಡಕ್ಕಿರುವ ಹಳೆಯ ಮನೆಗಳ ಜಗಲಿಯಲ್ಲಿ ಅಲ್ಲೊಂದು ಇಲ್ಲೊಂದು ಕಡವೆಯ ಕೊಂಬೋ ಕಾಡುಕೋಣದ ಬುರುಡೆಯೋ ಇನ್ನೂ ತೂಗುತ್ತಿರುತ್ತದೆ. ಬೇಟೆ ಹೋಯಿತು, ಹೋದದ್ದೇ ಒಳ್ಳೆಯದಾಯಿತು. ಆದರೆ ಉಳಿದಿರುವ ಬುರುಡೆಯನ್ನು ಗೋಡೆಯಲ್ಲಿ ನಿಲ್ಲಿಸುವುದು ಬೇಟೆಗಾರನ ವಿದ್ಯೆಯಲ್ಲ, ಮರಗೆಲಸದವನದು. ಇಲ್ಲಿನ ಗೋಡೆಯ ಚಿರೇಕಲ್ಲು ಗಟ್ಟಿ ಕಂಡರೂ ಮೈತುಂಬ ರಂಧ್ರ. ಗಿಲಾವಿಗೆ ಹೊಡೆದ ಮೊಳೆ ಕೆಲವೇ ಮಳೆಗಾಲಕ್ಕೆ ಸಡಿಲವಾಗುತ್ತದೆ. ಕಡಲಗಾಳಿಗೆ ಕಬ್ಬಿಣವೂ ತುಕ್ಕು ಹಿಡಿಯುತ್ತದೆ. ಬುರುಡೆ ಮುಂದಕ್ಕೆ ಚಾಚಿಕೊಂಡಿರುವುದರಿಂದ ಅದರ ಭಾರ ಕೆಳಕ್ಕೆ ಜಗ್ಗುವುದಷ್ಟೇ ಅಲ್ಲ, ಮೇಲಿನ ಮೊಳೆಯನ್ನು ಹೊರಕ್ಕೂ ಎಳೆಯುತ್ತದೆ. ಅದಕ್ಕೇ ಬುರುಡೆಯನ್ನು ನೇರವಾಗಿ ಗೋಡೆಗೆ ಬಡಿಯಬಾರದು. ಮೊದಲು ದಪ್ಪ ಹಲಗೆಗೆ ಕೂರಿಸಬೇಕು. ಹಲಗೆಯ ಬೆನ್ನಿಗೊಂದು, ಗೋಡೆಗೊಂದು ಓರೆಯಾಗಿ ಕೊಯ್ದ ಪಟ್ಟಿ ಜೋಡಿಸಿದರೆ ಒಂದು ಇನ್ನೊಂದರ ಮೇಲೆ ಕಚ್ಚಿ ಕೂರುತ್ತದೆ. ಗೋಡೆಯ ಪಟ್ಟಿಯನ್ನು ಗಿಲಾವಿಗಲ್ಲ, ಕಲ್ಲಿನೊಳಕ್ಕೇ ಇಳಿಯುವ ತುಕ್ಕು ಹಿಡಿಯದ ಬೋಲ್ಟಿನಿಂದ ಬಿಗಿಯಬೇಕು. ಹಲಗೆಗೂ ಗೋಡೆಗೂ ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟರೆ ಗಾಳಿಯಾಡಿ ಬೂಷ್ಟು ಕಡಿಮೆಯಾಗುತ್ತದೆ.

ಇಂಥ ಕೆಲಸಕ್ಕೆ ಕೈ ಪಳಗಿದವರು ಇಲ್ಲಿಯೇ ಇದ್ದಾರೆ. ಕುಮಟಾದ ಗಂಧದ ಕೆತ್ತನೆ ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲೇ ಹೆಸರು ಪಡೆದಿದೆ. ಕರಾವಳಿಯಿಂದ ಸಿರ್ಸಿ, ಸಾಗರ, ಸೊರಬದವರೆಗೆ ಹಬ್ಬಿರುವ ಗುಡಿಗಾರರು ಗಂಧದ ಪೆಟ್ಟಿಗೆ, ದೇವರ ವಿಗ್ರಹ, ಮದುವೆಯ ಬಾಸಿಂಗದಲ್ಲಿ ತಮ್ಮ ಕುಶಲತೆ ತೋರಿದವರು. ಬೇಟೆಯ ತಲೆಗಳನ್ನು ಗೋಡೆಗೆ ಸಿದ್ಧಮಾಡುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬ ಸುಮಾರು ನೂರು ವರ್ಷ ಮೃಗಗಳ ಚರ್ಮ ಹದಮಾಡಿ, 1999ರಲ್ಲಿ ಬಾಗಿಲು ಹಾಕಿತು. ಮೃಗವಿಲ್ಲದೆ ಆ ಕಸುಬಿಗೆ ಉಸಿರಿರಲಿಲ್ಲ. ಗುಡಿಗಾರರ ಉಳಿಗೆ ಹಾಗಲ್ಲ, ಮರವೊಂದಿದ್ದರೆ ಸಾಕು. ಗಂಧ ದುಬಾರಿಯಾದ ಮೇಲೆ ಶಿವನೆ ಮರಕ್ಕೆ ಬೇಡಿಕೆ ಬಂತು. ಹಗುರ, ಸುಲಭವಾಗಿ ಕೆತ್ತಲು ಬರುತ್ತದೆ, ಗೋಡೆಗೂ ಹೊರೆಯಲ್ಲ.

ನಿಜ ತಲೆಯ ಬದಲು ಕೆತ್ತಿಸಿ ತೂಗುಹಾಕಿದ ಮರದ ತಲೆ ಎಷ್ಟಾದರೂ ನಕಲಿ ಎನ್ನುವವರಿದ್ದಾರೆ. ಆದರೆ ಮೂಗಿನ ಹೊಳ್ಳೆ, ಕಿವಿಯ ಮಡಿಕೆ, ಹಣೆಯ ರೋಮದ ಸುಳಿಯನ್ನು ಉಳಿಯಲ್ಲಿ ಎಬ್ಬಿಸಲು ಬೇಕಾದ ಕಣ್ಣು ಬಂದೂಕಿನ ಗುರಿಗಿಂತ ದೊಡ್ಡದು. ಇನ್ನು ಅಜ್ಜನ ಕಾಲದ ನಿಜ ಕೊಂಬಿನ ಮಾತು. ಅದು ಮನೆತನದ ನೆನಪು, ಸರ್ಕಾರಕ್ಕೇನು ಸಂಬಂಧ ಎಂಬ ವಾದದಲ್ಲಿ ನೋವಿದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮಾಲೀಕತ್ವದ ಪ್ರಮಾಣಪತ್ರವಿದ್ದ ವಸ್ತುವನ್ನು ವಾರಸುದಾರರಿಗೆ ನಿರಾಕರಿಸಿಲ್ಲ. ವಾರಸಾಗಿ ಕೈಗೆ ಬಂದ 90 ದಿನದೊಳಗೆ ಘೋಷಿಸಿಕೊಳ್ಳಬೇಕು ಎನ್ನುತ್ತದೆ, ಅಷ್ಟೆ. ಮಾರುವಂತಿಲ್ಲ. ಕಾಡಿನಲ್ಲಿ ತಾನೇ ಉದುರಿದ ಕಡವೆ ಕೊಂಬನ್ನೂ ಎತ್ತಿ ತಂದು ತೂಗುಹಾಕುವಂತಿಲ್ಲ. ಕೊಂದದ್ದೋ ಉದುರಿದ್ದೋ ಎಂದು ಗೋಡೆ ನೋಡಿ ಹೇಳಲಾಗದ ಮೇಲೆ, ಸಡಿಲ ಬಿಟ್ಟರೆ ಬೇಟೆಗೆ ದಾರಿಯಾಗುತ್ತದೆ. ಈ ಕಟ್ಟುನಿಟ್ಟು ಸರಿಯೇ.

ಮನೆಯಲ್ಲಿ ಹಳೆಯ ತಲೆಯಿದ್ದರೆ ಮೊಳೆ ಬದಲಿಸುವ ಮೊದಲು ಪ್ರಮಾಣಪತ್ರ ಹುಡುಕಿ. ಸಿಗದಿದ್ದರೆ ಹೊನ್ನಾವರದ ಅರಣ್ಯ ವಿಭಾಗದ ಕಚೇರಿಯಲ್ಲಿ ವಿಚಾರಿಸಿ. ತಲೆಯ ಮೇಲೆ ಗುರುತಿನ ಮುದ್ರೆಯಿದ್ದರೆ ಅದು ಮುಚ್ಚದಂತೆ ಹಲಗೆ ಮಾಡಿಸಿ. ಬರಿಗೋಡೆ ಇರುವವರು ಗುಡಿಗಾರರಿಂದ ಶಿವನೆಯ ಕಡವೆಯನ್ನೇ ಕೆತ್ತಿಸಿಕೊಳ್ಳಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.