ಗರಗಸದ ಹುಡಿ ಹಿಡಿಯುವುದು ಬರೀ ಮೋಟರಲ್ಲ

ಕೆಮ್ಮಣ್ಣು, ಹೂಡೆ, ಕಲ್ಯಾಣಪುರದ ಕಡೆ ಮನೆಯ ಹಿಂದೆ ಶೀಟಿನ ಮಾಡು ಇಳಿಸಿ ಮರದ ಕೆಲಸ ಮಾಡುವವರಿದ್ದಾರೆ. ಚಾಪ್ ಸಾ, ಟೇಬಲ್ ಸಾ ಈಗ ಇಂಥ ಸಣ್ಣ ಶೆಡ್ಡಿಗೂ ಬಂದಿವೆ. ಹುಡಿ ಹಿಡಿಯುವ ಏರ್ಪಾಡು ಮಾತ್ರ ಹಿಂದೆಯೇ ಉಳಿದಿದೆ. ಖರ್ಚಿಗಿಂತ ಹೆಚ್ಚಾಗಿ ಕೆಲವು ನಂಬಿಕೆಗಳೇ ಅದಕ್ಕೆ ಅಡ್ಡಿ.

"ಕಡಲ ಗಾಳಿ ಇದೆಯಲ್ಲ, ಬಾಗಿಲು ತೆಗೆದಿಟ್ಟರೆ ಸಾಕು" ಎನ್ನುತ್ತಾರೆ. ಕಣ್ಣಿಗೆ ಕಾಣುವ ಹೊಟ್ಟು ನೆಲಕ್ಕೆ ಬಿದ್ದೇ ಬೀಳುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು 10 ಮೈಕ್ರಾನಿಗಿಂತ ಸಣ್ಣ ಕಣ. ಅದು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ಎದುರು ಗಾಳಿ ಬೀಸಿದರೆ ಅದೇ ಹುಡಿ ಕೆಲಸದವರ ಮುಖಕ್ಕೇ ಬರುತ್ತದೆ. ಆಟಿಯ ಮಳೆಗಂತೂ ಬಾಗಿಲು ಹಾಕಲೇಬೇಕು.

"ಕಾರ್ಕಳದ ಕಲ್ಲುಕೆತ್ತನೆಯ ಹುಡಿ ಕೆಟ್ಟದ್ದು, ಮರದ್ದು ಏನೂ ಮಾಡುವುದಿಲ್ಲ" ಎಂಬುದು ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕಲ್ಲಿನ ಸಿಲಿಕಾ ಹುಡಿ ಇರುವುದೂ ಅದೇ ಗುಂಪಿನಲ್ಲಿ. ಮರದ ಹುಡಿಯಿಂದ ಮುಖ್ಯವಾಗಿ ಮೂಗು ಮತ್ತು ಅದರ ಪಕ್ಕದ ಕುಹರಗಳಿಗೆ ಅಪಾಯ. ಸಾಗುವಾನಿ, ಬೀಟೆಯ ಹುಡಿ ತಾಗಿದರೆ ಕೆಲವರಿಗೆ ಮೈಯೆಲ್ಲ ತುರಿಕೆ ಏಳುವುದೂ ಉಂಟು.

ಸಂಜೆ ಒಂದು ತುಂಡು ಬೆಲ್ಲ ತಿಂದರೆ ಹುಡಿ ಇಳಿಯುತ್ತದೆ ಎನ್ನುವವರಿಗೆ ಒಂದು ಆಧಾರ ಇದೆ. ಲಖನೌದ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಲ್ಲ ಕೊಟ್ಟಾಗ ಕಲ್ಲಿದ್ದಲಿನ ಕಣಗಳು ಶ್ವಾಸಕೋಶದಿಂದ ದುಗ್ಧಗ್ರಂಥಿಗಳತ್ತ ಹೆಚ್ಚು ಸರಿದದ್ದು ಕಂಡಿತ್ತು. ಆದರೆ ಅದು ಇಲಿಗಳ ಮೇಲಿನ ಪ್ರಯೋಗ, ಹುಡಿಯೂ ಮರದ್ದಲ್ಲ. ಬೆಲ್ಲ ಬೇಕಾದರೆ ತಿನ್ನಿ, ಅದನ್ನು ನಂಬಿ ಹುಡಿ ಕುಡಿಯಬೇಡಿ.

ಎಲ್ಲಕ್ಕಿಂತ ಹೆಚ್ಚು ದುಡ್ಡು ಹಾಳು ಮಾಡುವ ನಂಬಿಕೆ, "ದೊಡ್ಡ ಮೋಟರ್ ಹಾಕಿದರೆ ಎಲ್ಲವನ್ನೂ ಎಳೆದುಕೊಳ್ಳುತ್ತದೆ" ಎಂಬುದು. ಊದಿದ ಗಾಳಿ ದೂರ ಹೋಗುತ್ತದೆ, ಎಳೆದ ಗಾಳಿಗೆ ಆ ಕಸುವಿಲ್ಲ. 4 ಇಂಚಿನ ಪೈಪಿನ ಬಾಯಿಂದ 4 ಇಂಚು ಆಚೆಗೇ ಗಾಳಿಯ ವೇಗ ಸುಮಾರು ಹತ್ತನೇ ಒಂದು ಪಾಲಿಗೆ ಇಳಿದಿರುತ್ತದೆ. ಒಂದು ಊದುಬತ್ತಿ ಹಚ್ಚಿ ಪೈಪಿನ ಹತ್ತಿರ ಹಿಡಿದು ನೋಡಿ. ಬಾಯಿಯ ಬಳಿ ಹೊಗೆ ಸೀದಾ ಒಳಗೆ ಹೋಗುತ್ತದೆ. ಒಂದು ಗೇಣು ಹಿಂದೆ ಸರಿಸಿದರೆ ತನ್ನ ಪಾಡಿಗೆ ಮೇಲೇಳುತ್ತದೆ. ಇನ್ನು ನಿಮಿಷಕ್ಕೆ 5000 ಸುತ್ತು ತಿರುಗುವ 10 ಇಂಚಿನ ಬ್ಲೇಡಿನ ಹಲ್ಲು ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಆ ಹಲ್ಲು ಎಸೆದ ಹೊಟ್ಟನ್ನು ಯಾವ ಮೋಟರೂ ದಾರಿ ತಿರುಗಿಸಲಾರದು. ಅದು ಹೋಗುವ ದಾರಿಯಲ್ಲೇ ಗೂಡು ಕಟ್ಟಬೇಕು.

ಆ ದಾರಿ ತಿಳಿಯುವುದು ಸುಲಭ. ಚಾಪ್ ಸಾ ಹಿಂದೆ ಒಂದು ಕಪ್ಪು ಹಲಗೆ ನಿಲ್ಲಿಸಿ, ಮಾಸ್ಕ್ ಹಾಕಿಕೊಂಡು ನಾಲ್ಕಾರು ತುಂಡು ಕೊಯ್ಯಿರಿ. ಹುಡಿ ಎಲ್ಲಿ ಬಡಿಯುತ್ತದೆಂದು ಹಲಗೆಯೇ ತೋರಿಸುತ್ತದೆ. ಆ ಜಾಗವನ್ನು ಸುತ್ತುವರಿಯುವಂತೆ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ. ಬದಿಯ ಹಲಗೆಗಳು ಹಿಂದಕ್ಕೆ ಕಿರಿದಾಗುತ್ತ ಪೈಪಿನತ್ತ ಇಳಿಯಲಿ, ಪೈಪಿನ ತೂತು ಹಿಂಬದಿಯ ಕೆಳಗಿರಲಿ. ಗರಗಸದ ತಲೆಯನ್ನು ಎರಡೂ ಕಡೆಯ ಕೊನೆಯ ಕೋನಕ್ಕೆ ತಿರುಗಿಸಿ, ಎಲ್ಲೂ ತಾಗುವುದಿಲ್ಲವೆಂದು ನೋಡಿದ ಮೇಲೆಯೇ ಸ್ಕ್ರೂ ಬಿಗಿಯಿರಿ. ಬದಿಯ ಸಂದಿಗೆ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿ ಇಳಿಬಿಡಬಹುದು, ಬ್ಲೇಡಿನಿಂದ ದೂರದಲ್ಲಿ.

ಗೂಡಿನೊಳಗೆ ಉಳಿದ ಸಣ್ಣ ಹುಡಿಯನ್ನು ಒಯ್ಯಲು ಗಾಳಿ ಬೇಕೇ ಬೇಕು. 4 ಇಂಚಿನ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗ, ಅಂದರೆ ನಿಮಿಷಕ್ಕೆ 350 ಘನ ಅಡಿಯಷ್ಟು ಗಾಳಿ ಓಡಬೇಕು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನಿಂದ ಇದು ಆಗದು, ಉದ್ದ ಪೈಪಿನ ತಡೆಗೆ ಅದು ಸೋಲುತ್ತದೆ. ಬ್ಲೋವರೇ ಬೇಕು.

ಚೀಲ ಕಟ್ಟಿದರೆ ಮುಗಿಯಿತು ಎಂಬುದೂ ಸರಿಯಲ್ಲ. ಸಾಧಾರಣ ಬಟ್ಟೆ ಚೀಲ ಹೊಟ್ಟನ್ನು ಹಿಡಿದಿಟ್ಟು ಅಪಾಯದ ಸಣ್ಣ ಹುಡಿಯನ್ನೇ ಶೆಡ್ಡಿಗೆ ವಾಪಸು ಬಿಡುತ್ತದೆ. ಗೂಡಿಗೂ ಬ್ಲೋವರಿಗೂ ನಡುವೆ ಮುಚ್ಚಳವಿರುವ ಡ್ರಮ್ಮು ಇಟ್ಟು, ಬ್ಲೋವರನ್ನು ಮಾಡಿನಡಿ ಹೊರಗೆ ಕೂರಿಸಿ. ಗಾಳಿ ಬಾವಿಯ ಕಡೆಗೂ ನೆರೆಮನೆಯ ಅಂಗಳಕ್ಕೂ ಹೋಗದಿರಲಿ. ಹಳೆಯ ಮನೆಯ ಪಕ್ಕಾಸು, ರೀಪು ಕೊಯ್ಯುವಾಗ ಬ್ಲೇಡು ಮೊಳೆಗೆ ತಾಗಿ ಕಿಡಿ ಹಾರಿದರೆ ಅದು ಹುಡಿಯೊಳಗೆ ಗಂಟೆಗಟ್ಟಲೆ ಕನಲುತ್ತಿರಬಹುದು. ಅಂಥ ಕೆಲಸದ ದಿನ ಡ್ರಮ್ಮನ್ನು ತುಂಬಿದಂತೆಯೇ ಬಿಟ್ಟು ಬಾಗಿಲು ಹಾಕಬೇಡಿ. ಹೊರಗೆ ಸುರಿದು, ಒಂದು ಕೊಡ ನೀರು ಹಾಕಿ.