ರಕ್ತದ ಕಾಲುವೆಗೆ ತೂಬು ತೆರೆಯುವವರು ಯಾರು?

ಸಿಂಧನೂರು, ಮಸ್ಕಿ ಕಡೆಯ ಮಕ್ಕಳಿಗೆ ಕಾಲುವೆಯ ಬಗ್ಗೆ ಹೇಳಿಕೊಡಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ, ಅದರಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ, ಕೊನೆಗೆ ಭತ್ತದ ಗದ್ದೆ. ಲಿಂಗಸುಗೂರು ಕಡೆಯವರು ನಾರಾಯಣಪುರ ಬಲದಂಡೆ ಕಾಲುವೆಯಲ್ಲಿ ಇದನ್ನೇ ನೋಡಿರುತ್ತೀರಿ. ಮೇಲ್ಭಾಗದಲ್ಲಿ ಎಲ್ಲ ತೂಬುಗಳನ್ನೂ ಒಮ್ಮೆಲೇ ತೆರೆದರೆ ಏನಾಗುತ್ತದೆ? ಕೊನೆ ಭಾಗದ ಹೊಲಕ್ಕೆ ನೀರು ತಲುಪುವುದಿಲ್ಲ. ಇದೇ ಕಾರಣಕ್ಕೆ ಎಷ್ಟು ಜಗಳ ನಡೆದಿವೆ ಎಂದು ನಿಮ್ಮ ಅಜ್ಜನನ್ನು ಕೇಳಿ ನೋಡಿ.

ಮಕ್ಕಳೇ, ನಮ್ಮ ದೇಹದಲ್ಲಿಯೂ ಇದೇ ಸಮಸ್ಯೆ ಇದೆ. ದೊಡ್ಡವರ ಮೈಯಲ್ಲಿರುವ ರಕ್ತ ಸುಮಾರು 5 ಲೀಟರ್ ಮಾತ್ರ. ಎಲ್ಲ ರಕ್ತನಾಳಗಳೂ ಒಟ್ಟಿಗೆ ಪೂರ್ತಿ ಅಗಲವಾದರೆ ಅವುಗಳನ್ನು ತುಂಬಲು ಅಷ್ಟು ರಕ್ತ ಸಾಲುವುದಿಲ್ಲ. ಆದ್ದರಿಂದ ಹಂಚಿಕೆ ಬೇಕು. ಯಾರಿಗೆ ಎಷ್ಟು, ಯಾವಾಗ?

ಸುಮ್ಮನೆ ಕುಳಿತಿರುವಾಗ ದೊಡ್ಡವರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಅದರಲ್ಲಿ ಮೈಯ ಎಲ್ಲ ಮಾಂಸಖಂಡಗಳಿಗೆ ಸೇರಿ ಹೋಗುವುದು ಸುಮಾರು 1 ಲೀಟರ್. ಈಗ ಅದೇ ವ್ಯಕ್ತಿ ಅಶೋಕನ ಶಾಸನ ನೋಡಲೆಂದು ಮಸ್ಕಿಯ ಗುಡ್ಡವನ್ನು ಓಡುತ್ತಾ ಹತ್ತಲಿ. ಎದೆ ಡಬಡಬ ಹೊಡೆದುಕೊಳ್ಳುತ್ತದೆ. ಬಹಳ ಶ್ರಮದ ಕೆಲಸದಲ್ಲಿ ಹೃದಯ ನಿಮಿಷಕ್ಕೆ 20 ಲೀಟರಿನಷ್ಟು ರಕ್ತವನ್ನು ದೂಡಬಲ್ಲದು. ಆಗ ಅದರ ಐದರಲ್ಲಿ ನಾಲ್ಕು ಪಾಲು ಮಾಂಸಖಂಡಗಳಿಗೇ ಹೋಗುತ್ತದೆ. ಹೊಟ್ಟೆ, ಕರುಳು, ಮೂತ್ರಪಿಂಡಗಳ ಪಾಲು ಕಡಿಮೆಯಾಗುತ್ತದೆ. ಮಿದುಳಿನ ಪಾಲು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ನಿಮಿಷಕ್ಕೆ ಮುಕ್ಕಾಲು ಲೀಟರ್.

ತೂಬು ಇರುವುದು ಎಲ್ಲಿ? ಹೃದಯದಿಂದ ಹೊರಟ ದೊಡ್ಡ ಅಪಧಮನಿ ಕವಲೊಡೆಯುತ್ತಾ ಹೋಗಿ ಕಿರುಧಮನಿಗಳಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ಕೂದಲೆಳೆಗಿಂತ ತೆಳು. ಇವುಗಳ ಸುತ್ತ ಉಂಗುರದಂತೆ ಸ್ನಾಯು ಸುತ್ತಿಕೊಂಡಿರುತ್ತದೆ. ಸ್ನಾಯು ಬಿಗಿದರೆ ನಾಳ ಕಿರಿದಾಗುತ್ತದೆ, ಸಡಿಲಿಸಿದರೆ ಅಗಲವಾಗುತ್ತದೆ. ಒಂದು ಲೆಕ್ಕ ಕೇಳಿ: ಒತ್ತಡ ಅಷ್ಟೇ ಇದ್ದು, ನಾಳದ ಅಗಲ ಎರಡರಷ್ಟಾದರೆ ಹರಿವು ಎಷ್ಟಾಗಬಹುದು? ಎರಡರಷ್ಟಲ್ಲ, ನಾಲ್ಕರಷ್ಟೂ ಅಲ್ಲ, 16 ಪಟ್ಟು! ಹಾಗಾಗಿ ಉಂಗುರ ತುಸು ಸಡಿಲಿಸಿದರೂ ಸಾಕು.

ಈಗ ಮುಖ್ಯ ಪ್ರಶ್ನೆ. ಕಾಲುವೆಯ ತೂಬನ್ನು ತೆರೆಯಲು ಮೇಲಿನಿಂದ ಆದೇಶ ಬರಬೇಕು. ದೇಹದಲ್ಲಿ ಹಾಗಲ್ಲ. ಇಲ್ಲಿ ಬಾಯಾರಿದ ಹೊಲವೇ ತನ್ನ ತೂಬನ್ನು ತೆರೆದುಕೊಳ್ಳುತ್ತದೆ! ಈ ವ್ಯವಸ್ಥೆಯಲ್ಲಿ ನನಗೆ ಬಹಳ ಹಿಡಿಸುವ ಸಂಗತಿ ಇದೇ. ಕೆಲಸ ಮಾಡುವ ಮಾಂಸಖಂಡ ಆಮ್ಲಜನಕವನ್ನು ಬೇಗ ಬೇಗ ಬಳಸಿಕೊಳ್ಳುತ್ತದೆ. ಅಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಇಂಗಾಲದ ಡೈಆಕ್ಸೈಡ್, ಆಮ್ಲ, ಶಾಖ ಹೆಚ್ಚುತ್ತವೆ. ಈ ಬದಲಾವಣೆಗಳೇ ಪಕ್ಕದ ಕಿರುಧಮನಿಯ ಉಂಗುರವನ್ನು ಸಡಿಲಿಸುತ್ತವೆ. ರಕ್ತ ನುಗ್ಗಿ ಬಂದು ಕಸವನ್ನೆಲ್ಲ ತೊಳೆದೊಯ್ದ ಮೇಲೆ ಉಂಗುರ ಮತ್ತೆ ಬಿಗಿಯುತ್ತದೆ.

ಇದನ್ನು ನೀವೇ ನೋಡಬಹುದು. ತಂತಿಯ ಹಿಡಿಕೆಯಿರುವ ಬಕೆಟ್ಟಿನಲ್ಲಿ ನೀರು ತುಂಬಿ ಒಂದು ನಿಮಿಷ ಹಿಡಿದುಕೊಂಡು ನಿಲ್ಲಿ. ಕೆಳಗಿಟ್ಟು ಬೆರಳುಗಳನ್ನು ನೋಡಿ. ತಂತಿ ಒತ್ತಿದ ಜಾಗ ಮೊದಲು ಬಿಳಿಚಿಕೊಂಡಿರುತ್ತದೆ. ಮರುಕ್ಷಣ ಕೆಂಪಾಗುತ್ತದೆ, ಅದೂ ಅಕ್ಕಪಕ್ಕದ ಚರ್ಮಕ್ಕಿಂತ ಹೆಚ್ಚು ಕೆಂಪು. ಒತ್ತಡದಿಂದ ರಕ್ತ ನಿಂತಿದ್ದಾಗ ಆ ಜಾಗ ಬಾಯಾರಿತ್ತು; ತನ್ನ ತೂಬನ್ನು ಪೂರ್ತಿ ತೆರೆದುಕೊಂಡು ಕಾದಿತ್ತು.

ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಎಂಬ ವಿಜ್ಞಾನಿ ಪ್ರಾಣಿಗಳ ರಕ್ತನಾಳಕ್ಕೆ ಶಾಯಿ ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ವಿಶ್ರಾಂತಿಯಲ್ಲಿದ್ದ ಸ್ನಾಯುವಿನ ಕೆಲವೇ ಲೋಮನಾಳಗಳಲ್ಲಿ ಶಾಯಿ ಇತ್ತು, ದುಡಿದ ಸ್ನಾಯುವಿನಲ್ಲಿ ಬಹಳಷ್ಟು ನಾಳಗಳಲ್ಲಿ ಇತ್ತು. ಈ ಶೋಧಕ್ಕೆ ಅವರಿಗೆ 1920ರ ನೊಬೆಲ್ ಬಹುಮಾನ ಬಂತು. ಮುಂದೆ ಇನ್ನೊಂದು ವಿಚಾರ ತಿಳಿಯಿತು. ರಕ್ತ ವೇಗವಾಗಿ ಹರಿದು ನಾಳದ ಒಳಗೋಡೆಗೆ ಉಜ್ಜಿದರೆ ಆ ಗೋಡೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಅದರಿಂದ ಮೇಲಿನ ದೊಡ್ಡ ನಾಳವೂ ಅಗಲವಾಗುತ್ತದೆ. ಹೊಲದ ತೂಬು ತೆರೆದ ಸುದ್ದಿ ಉಪಕಾಲುವೆಗೂ ಮುಟ್ಟಿದಂತೆ! ಈ ಅನಿಲದ ಕೆಲಸವನ್ನು ಬಿಡಿಸಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು.

ಶ್ವಾಸಕೋಶದ್ದು ಮಾತ್ರ ತಿರುಗಾಮುರುಗಾ. ಅಲ್ಲಿ ಆಮ್ಲಜನಕ ಕಡಿಮೆ ಇರುವ ಜಾಗದ ನಾಳ ಕಿರಿದಾಗುತ್ತದೆ. ಏಕಿರಬಹುದು? ಗಾಳಿಯೇ ಬಾರದ ಮೂಲೆಗೆ ರಕ್ತ ಹೋಗಿ ಏನು ಪ್ರಯೋಜನ!

ಪ್ರತಿ ಹೊಲವೂ ತನ್ನಿಷ್ಟದಂತೆ ತೂಬು ತೆರೆದರೆ ಕೊನೆ ಭಾಗದ ಗತಿಯೇನು? ಅದಕ್ಕೇ ಮಿದುಳು ನರಗಳ ಮೂಲಕ ಮೇಲ್ವಿಚಾರಣೆ ಮಾಡುತ್ತದೆ. ರಕ್ತದ ಒತ್ತಡ ಇಳಿಯುವಂತಿದ್ದರೆ ಕರುಳಿನ, ಚರ್ಮದ ತೂಬುಗಳನ್ನು ಬಿಗಿಸುತ್ತದೆ, ಹೃದಯವನ್ನು ಜೋರಾಗಿ ಓಡಿಸುತ್ತದೆ. ಹೀಗೆ ಸಾಮಾನ್ಯವಾಗಿ ಎಲ್ಲವೂ ಸರಿದೂಗುತ್ತದೆ.

ಕಷ್ಟ ಬರುವುದು ನಮ್ಮ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ. ಬಿಸಿಲು 40 ಡಿಗ್ರಿ ದಾಟಿದಾಗ ಮೈಯ ಶಾಖವನ್ನು ಹೊರಹಾಕಲು ಚರ್ಮದ ನಾಳಗಳು ಅಗಲವಾಗುತ್ತವೆ. ತಂಪಿನಲ್ಲಿ ನಿಮಿಷಕ್ಕೆ ಅರ್ಧ ಲೀಟರಿಗೂ ಕಡಿಮೆ ರಕ್ತ ಪಡೆಯುವ ಚರ್ಮ ಕಡು ಶಾಖದಲ್ಲಿ 6 ಲೀಟರಿಗೂ ಹೆಚ್ಚು ಪಡೆಯಬಹುದು. ಗದ್ದೆಯಲ್ಲಿ ಕೊಯ್ಲು ಮಾಡುವವರ ಮಾಂಸಖಂಡಗಳೂ ಅದೇ ಹೊತ್ತಿಗೆ ರಕ್ತ ಕೇಳುತ್ತವೆ. ಇತ್ತ ಬೆವರು ಹರಿದು ರಕ್ತದಲ್ಲಿನ ನೀರೇ ಕಡಿಮೆಯಾಗುತ್ತಿರುತ್ತದೆ. ಹಟ್ಟಿ ಚಿನ್ನದ ಗಣಿಯಂಥ ಆಳದ ಗಣಿಗಳಲ್ಲೂ ಇದೇ ಚಿಂತೆ. ಅಲ್ಲಿ ಫ್ಯಾನುಗಳಿಂದ ಗಾಳಿ ನುಗ್ಗಿಸುವುದು ಉಸಿರಾಟಕ್ಕೆ ಮಾತ್ರವಲ್ಲ, ಬೆವರು ಆರಿ ಮೈ ತಣಿಯಲಿ ಎಂದೂ ಹೌದು.

ಬಿಸಿಲಿನ ಪ್ರಾರ್ಥನಾ ಸಾಲಿನಲ್ಲಿ ಅಲುಗಾಡದೆ ನಿಂತ ಮಗು ಕುಸಿದು ಬೀಳುವುದನ್ನು ನೋಡಿದ್ದೀರಾ? ಆಗ ರಕ್ತ ಕಾಲುಗಳಲ್ಲಿ ತಂಗಿರುತ್ತದೆ. ಎತ್ತರದಲ್ಲಿರುವ ತಲೆಯೇ ಕಾಲುವೆಯ ಕೊನೆ ಭಾಗ. ಅಲ್ಲಿಗೆ ರಕ್ತ ಏರದೆ ಕಣ್ಣು ಕತ್ತಲೆಯಾಗುತ್ತದೆ. ನೆಲಕ್ಕೆ ಬಿದ್ದಾಗ ತಲೆ ಮತ್ತು ಹೃದಯ ಒಂದೇ ಮಟ್ಟಕ್ಕೆ ಬಂದು ಮಿದುಳಿಗೆ ಮತ್ತೆ ರಕ್ತ ಸಿಗುತ್ತದೆ. ಆದ್ದರಿಂದ ಅಂಥವರನ್ನು ತೋಳು ಹಿಡಿದು ಎತ್ತಿ ಕೂರಿಸಬೇಡಿ. ನೆರಳಿನಲ್ಲಿ ಮಲಗಿಸಿ, ಕಾಲುಗಳನ್ನು ತುಸು ಎತ್ತರಿಸಿ, ಎಚ್ಚರವಾದ ಮೇಲೆ ನೀರು ಕೊಡಿ. ಮೈ ಕಾದ ಹೆಂಚಿನಂತಿದ್ದು ಮಾತು ತೊದಲುತ್ತಿದ್ದರೆ ಅದು ಬಿಸಿಲಿನ ಆಘಾತ. ಮೈಗೆ ನೀರು ಸುರಿಯುತ್ತಾ ಗಾಳಿ ಬೀಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ. ಇನ್ನೊಬ್ಬರು ತಡಮಾಡದೆ 108ಕ್ಕೆ ಫೋನ್ ಮಾಡಲಿ.